ಅಪ್ಪಾಜಿಗೆ ನ್ಯೂಯಾರ್ಕಿನಿಂದ ಒಂದು ಕಾಗದ

ತೀರ್ಥರೂಪು ಅಪ್ಪಾಜಿಯವರಿಗೆ ನಿಮ್ಮ ಮಗಳು ಸುಮಾ ಮಾಡುವ ನಮಸ್ಕಾರಗಳು. ನಾನು ಕ್ಷೇಮ. ಅಮ್ಮ, ಅಜ್ಜಿ, ಪುಟ್ಟ ಎಲ್ಲರ ಕ್ಷೇಮಕ್ಕೂ ಬರೆಯಿರಿ.

ನಿಮ್ಮ ಕಾಗದ ಶುಕ್ರವಾರ ಬಂತು. ಮಗಳು ಏನು ಓದುತ್ತಿದ್ದಾಳೆಂದು ಯಾರಾದರೂ ಕೇಳಿದರೆ ಹೇಳಲು ಒಂದು ಹೆಸರಿಲ್ಲ ಎಂದು ಬರೆದಿದ್ದೀರಿ. ಸೋಮಣ್ಣ ಮಾವ ಅದು ಲೆಕ್ಕಕ್ಕಿಲ್ಲದ ಡಿಗ್ರಿ ಎಂದರಂತೆ. ಅಪ್ಪಾಜಿ, ಬಿ.ಎ. ಎಂದೇ ಹೇಳಿ, ನ್ಯೂಯಾರ್ಕ್ ವಿಶ್ವವಿದ್ಯಾಲಯದ ಬಿ.ಎ. ನಮ್ಮ ಗ್ಯಾಲಟಿನ್ ವಿಭಾಗ ಶುರುವಾದದ್ದು 1972ರಲ್ಲಿ, ನಿನ್ನೆ ಮೊನ್ನೆಯದಲ್ಲ. 128 ಕ್ರೆಡಿಟ್ ಮುಗಿಸಲೇಬೇಕು. ಯಾವ ಯಾವ ವಿಷಯ ಸೇರಿಸಿ ಓದಬೇಕು ಎನ್ನುವುದನ್ನು ಮಾತ್ರ ಮೇಷ್ಟರೊಬ್ಬರ ಜತೆ ಕೂತು ನಾವೇ ಗೊತ್ತುಮಾಡಿಕೊಳ್ಳುತ್ತೇವೆ.

ನಾನು ಆರಿಸಿಕೊಂಡ ವಿಷಯ ಕೆರೆ. ಏರಿ, ತೂಬು, ಕೋಡಿ ಎಂಜಿನಿಯರಿಂಗ್‌ನವರು ಓದುತ್ತಾರೆ. ನೀರಿನ ಹಕ್ಕು ಕಾನೂನಿನವರ ಪಾಲು. ಕೆರೆ ದುರಸ್ತಿಗೆ ಭೂಮಿ ಬಿಟ್ಟ ಬಿತ್ತುವಟ್ಟದ ಶಾಸನಗಳು ಇತಿಹಾಸದವರ ಪಾಲು. ಗದ್ದೆಗಳಿಗೆ ಕೆರೆ ನೀರು ಹಂಚುವ ನಮ್ಮ ಹನುಮಂತಣ್ಣನಂಥ ನೀರುಗಂಟಿಯನ್ನು ಓದುವವರೇ ಇಲ್ಲ. ಇವರೆಲ್ಲ ಬೇರೆ ಬೇರೆಯಾಗಿದ್ದಾಗಲೇ ನಮ್ಮ ಕೆರೆಗೆ ಹೂಳು ತುಂಬಿದ್ದು. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ಓದುತ್ತೇನೆಂದು ಎರಡನೇ ವರ್ಷದಲ್ಲೇ ಕಾರಣ ಸಮೇತ ಬರೆದುಕೊಟ್ಟಿದ್ದೇನೆ. ಕೊನೆಗೆ ಕಲೋಕ್ವಿಯಮ್ ಅಂತ ಇದೆ: 20–25 ಕೃತಿಗಳ ಪಟ್ಟಿ ಇಟ್ಟುಕೊಂಡು ಮೂವರು ಮೇಷ್ಟರ ಮುಂದೆ ಕೂತು ಉತ್ತರ ಹೇಳಬೇಕು. ಅದು ದಾಟದೆ ಡಿಗ್ರಿ ಕೈಗೆ ಬರುವುದಿಲ್ಲ. ಮಾವನಿಗೆ ಇದಿಷ್ಟನ್ನೂ ಓದಿ ಹೇಳಿ.

ಇಲ್ಲಿ ಕಾಲೇಜಿಗೆ ಗೇಟೂ ಇಲ್ಲ, ಕಾಂಪೌಂಡೂ ಇಲ್ಲ. ನೇರಳೆ ಬಾವುಟ ಇರುವ ಕಟ್ಟಡಗಳು ನಮ್ಮವು, ನಡುವೆ ಊರಿನ ಬೀದಿ, ಬಸ್ಸು. ಮೇಷ್ಟರನ್ನು ಹೆಸರು ಹಿಡಿದು ಕರೆಯುತ್ತಾರೆ. ನನಗಿನ್ನೂ ನಾಲಗೆ ಏಳುವುದಿಲ್ಲ. ಆದರೆ ಹನುಮಂತಣ್ಣ ಬರಗಾಲದಲ್ಲಿ ಸರದಿ ಹಾಕಿ ನೀರು ಬಿಡುತ್ತಿದ್ದುದನ್ನು ಹೇಳಿದ ದಿನ ಮೇಷ್ಟರೇ ಪೆನ್ನು ತೆಗೆದು ಬರೆದುಕೊಂಡರು.

ಅದಿರಲಿ ಅಪ್ಪಾಜಿ. ಕಣ್ಣಿನ ಪೊರೆ ತೆಗೆಸುವುದನ್ನು ಅಡಿಕೆ ಕೊಯ್ಲಾದ ಮೇಲೆ ನೋಡೋಣ ಎಂದು ಕೊನೆಯಲ್ಲಿ ಒಂದೇ ಸಾಲು ಬರೆದಿದ್ದೀರಿ. ನಿಮ್ಮ ಸಾಲುಗಳೆಲ್ಲ ಬಲಕ್ಕೆ ಹೋಗುತ್ತ ಕೆಳಗೆ ಜಾರಿವೆ, ಎರಡು ಕಡೆ ಒಂದರ ಮೇಲೊಂದು ಬಿದ್ದಿವೆ. ಲೆಕ್ಕದ ಪುಸ್ತಕ ಬರೆಯುತ್ತಿದ್ದ ಕೈ ನಿಮ್ಮದು. ಶಿವಮೊಗ್ಗದ ಡಾಕ್ಟರು ಮಳೆಗಾಲದಲ್ಲೇ ಹೇಳಿದ್ದರಲ್ಲ? ಆಪರೇಷನ್‌ಗೆ ಇಟ್ಟಿದ್ದ ದುಡ್ಡೇ ನನ್ನ ಫೀಸಿಗೆ ಬಂತೆಂದು ಪುಟ್ಟ ಬಾಯಿಬಿಟ್ಟಿದ್ದಾನೆ, ಅವನನ್ನು ಬಯ್ಯಬೇಡಿ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಕೊಯ್ಲಿಗೆ ಕಾಯಬೇಡಿ. ಲೈಬ್ರರಿ ಕೆಲಸದಲ್ಲಿ ಉಳಿಸಿದ್ದನ್ನು ಚಿಕ್ಕಪ್ಪನ ಖಾತೆಗೆ ಕಳಿಸಿದ್ದೇನೆ. ನಮ್ಮ ವೀಸಾದವರು ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ, ಹಾಗಾಗಿ ಓದು ಕೆಟ್ಟಿಲ್ಲ. ನನಗೆ ಯಾವ ಕೊರತೆಯೂ ಇಲ್ಲ. ದಿನಾ ಅನ್ನ ಸಾರು ಮಾಡಿಕೊಳ್ಳುತ್ತೇನೆ, ಚಳಿಗೆ ಎರಡು ಕೋಟು ಇವೆ, ರೂಮು ಬೆಚ್ಚಗಿದೆ, ಮೈ ಬಂದಿದೆ ಎಂದೇ ಎಲ್ಲ ಹೇಳುತ್ತಾರೆ. ನಿಜವಾಗಿಯೂ ಚೆನ್ನಾಗಿದ್ದೇನೆ.

ಆಪರೇಷನ್ ಆಗುವವರೆಗೆ ಸಂಜೆ ಕೆರೆ ಏರಿ ಮೇಲೆ ಒಬ್ಬರೇ ಹೋಗಬೇಡಿ. ತೋಟದ ಮೋಟರ್ ಸ್ವಿಚ್ ಪುಟ್ಟನೇ ಹಾಕಲಿ.

ಕೆಲಸಕ್ಕೆ ಹೊತ್ತಾಯಿತು. ಆಪರೇಷನ್ ತಾರೀಖು ಗೊತ್ತಾದ ದಿನವೇ ತಿಳಿಸಿ. ನೀವು ಬರೆಯಬೇಡಿ, ಪುಟ್ಟನ ಕೈಲಿ ಬರೆಸಿ.

ಇತಿ ನಿಮ್ಮ
ಸುಮಾ