ಶರಣುಗೆ, ಆಡಿನ ವಿಷಯ

ಕಲಬುರಗಿ

ಚಿ. ಶರಣುಗೆ ಮಾಮಾನ ಆಶೀರ್ವಾದ.

ಆಳಂದದ ಎರಡೆಕರೆಯಲ್ಲಿ ನೀನು ಆಡು ಸಾಕಬೇಕಂತಿರುವುದು, ಬೋರಿನ ನೀರು, ಬ್ಯಾಂಕಿನ ಮಾತು ಎಲ್ಲಾ ಅಕ್ಕ ಫೋನಿನಲ್ಲಿ ಹೇಳಿದ್ದಾಳೆ, ಅದನ್ನು ಬಿಡು. ನಿನ್ನ ಪತ್ರದ ಒಂದು ಸಾಲು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. "ರಾತ್ರಿ ಚೊಲೋ ಇದ್ದ ಮರಿ ಮುಂಜಾನೆ ಸತ್ತು ಬಿದ್ದಿದ್ದರೆ ಏನು ಮಾಡಲಿ ಮಾಮಾ" ಅಂತ ಕೇಳಿದ್ದೀ. ಹೆದರಿಕೆ ಸುಳ್ಳಲ್ಲ. ಹಾಗೆ ಸಾಯುತ್ತವೆ. ಅದೂ ಬಡಕಲು ಮರಿಯಲ್ಲ, ಎಲ್ಲಕ್ಕಿಂತ ಮೈತುಂಬಿದ್ದೇ ಮೊದಲು ಹೋಗುತ್ತದೆ.

ಅದು ಕರುಳು ನಂಜು, ದವಾಖಾನೆಯವರು ಇ.ಟಿ. (ಎಂಟೆರೋಟಾಕ್ಸೀಮಿಯಾ) ಅನ್ನುತ್ತಾರೆ. ರೋಗಾಣು ಹೊರಗಿನಿಂದ ಬರಬೇಕಂತಿಲ್ಲ, ಆಡಿನ ಕರುಳಿನಲ್ಲೇ ಒಂದಿಷ್ಟು ಇರುತ್ತದೆ. ಒಮ್ಮೆಲೇ ಕಾಳು ಅಥವಾ ಮೊದಲ ಮಳೆಯ ಎಳೆ ಹುಲ್ಲು ಹೊಟ್ಟೆತುಂಬ ಬಿದ್ದರೆ ಅರಗದೆ ಕೆಳಗಿಳಿಯುತ್ತದೆ, ಅದರ ಮೇಲೆ ರೋಗಾಣು ಬೆಳೆದು ವಿಷ ಬಿಡುತ್ತದೆ. ಮರಿ ಕತ್ತು ಹಿಂದಕ್ಕೆ ಸೆಟೆಸಿ, ಹಲ್ಲು ಕಡಿದು, ಮಲಗಿದಲ್ಲೇ ಸೈಕಲ್ ತುಳಿದ ಹಾಗೆ ಕಾಲು ಆಡಿಸುತ್ತದೆ. ಕೆಲವು ತಾಸಿನಲ್ಲಿ ಮುಗಿಯುತ್ತದೆ. ಆಗ ಔಷಧಿಗೆ ಸಮಯವೇ ಸಿಗುವುದಿಲ್ಲ, ಅದಕ್ಕೇ ಮೊದಲೇ ಲಸಿಕೆ ಅನ್ನುವುದು. ಮೇ ತಿಂಗಳಲ್ಲಿ, ಮಳೆಗೆ ಮುಂಚೆ ಹಾಕಿಸು. ಮೊದಲ ಸಲ ಹಾಕಿಸುವ ಆಡಿಗೆ ಎರಡು ಮೂರು ವಾರ ಬಿಟ್ಟು ಇನ್ನೊಂದು ಬೇಕು. ಬಹಳ ಮಂದಿ ಈ ಎರಡನೆಯದನ್ನೇ ಮರೆಯುತ್ತಾರೆ. ಆಮೇಲೆ ವರ್ಷಕ್ಕೊಮ್ಮೆ.

ಆಡು ಸುಮಾರು 150 ದಿನಕ್ಕೆ ಈಯುತ್ತದೆ. ಗಬ್ಬಕ್ಕೆ ನಾಲ್ಕು ತಿಂಗಳು ತುಂಬಿದಾಗ ಈ ಲಸಿಕೆ ಹಾಕಿಸಿದರೆ ಅದರ ಬಲ ಗಿಣ್ಣದ ಹಾಲಿನಲ್ಲಿ ಮರಿಗೂ ಬರುತ್ತದೆ. ಹುಟ್ಟಿದ ತಾಸಿನೊಳಗೆ ಮರಿ ಆ ಹಾಲು ಕುಡಿಯಬೇಕು. ಎರಡು ಕೆಜಿಯ ಮರಿಗೆ ಮೊದಲ ದಿನ 200 ಮಿಲಿಯಷ್ಟು, ನಾಲ್ಕೈದು ಸಲಕ್ಕೆ ಹಂಚಿ. ಉಸ್ಮಾನಾಬಾದಿ ತಳಿಯ ಆಡು ಅವಳಿ ಹಾಕುವುದು ಹೆಚ್ಚು. ದುರ್ಬಲ ಮರಿಯನ್ನು ನೀನೇ ಮೊಲೆಗೆ ಹಿಡಿಸಬೇಕಾಗುತ್ತದೆ.

ಲಸಿಕೆ ಇದೆ ಅಂತ ಮೇವಿನಲ್ಲಿ ಸಡಿಲ ಬಿಡಬೇಡ. ಕಾಳಿನ ಹಿಟ್ಟು 50 ಗ್ರಾಂನಿಂದ ಶುರು ಮಾಡಿ ಹತ್ತು ದಿನದಲ್ಲಿ ಏರಿಸು, ದೊಡ್ಡ ಆಡಿಗೂ 250 ಗ್ರಾಂ ಸಾಕು. ಮಳೆ ಬಿದ್ದ ಮೇಲೆ ಹಸಿರಿಗೆ ಬಿಡುವ ಮುಂಚೆ ತೊಗರಿ ಹೊಟ್ಟು, ಕಣಿಕಿ (ಜೋಳದ ಒಣ ದಂಟು) ಹೊಟ್ಟೆಗೆ ಬೀಳಲಿ. ರಾಶಿಯ ದಿನಗಳಲ್ಲಿ ಕಣದ ಕಾಳಿಗೆ ಬಾಯಿ ಹಾಕದಂತೆ ಕಟ್ಟಿಯೇ ಹಾಕು.

ಇನ್ನೊಂದು ಸಾವಿದೆ, ಅದನ್ನೂ ಮಂದಿ ಕರುಳು ನಂಜು ಅಂದುಕೊಳ್ಳುತ್ತಾರೆ. ಜೋಳ ಕೊಯ್ದ ಹೊಲದಲ್ಲಿ ಮಳೆಗೆ ಚಿಗುರುವ ಕೂಳೆ, ಮೊಣಕಾಲುದ್ದದ ಎಳೆ ಜೋಳ, ನೀರಿಲ್ಲದೆ ಬಾಡಿದ ಜೋಳ ಇವುಗಳಲ್ಲಿ ಸಯನೈಡ್ ವಿಷ ಇರುತ್ತದೆ. ಇಲ್ಲಿ ಸಣ್ಣದು ದೊಡ್ಡದು ಅನ್ನದೆ ಮೇಯ್ದ ಸ್ವಲ್ಪ ಹೊತ್ತಿಗೇ ನಾಲ್ಕೈದು ಒಟ್ಟಿಗೆ ಬೀಳುತ್ತವೆ. ಇದಕ್ಕೆ ಇಂಜೆಕ್ಷನ್ ಇದೆ, ಆದರೆ ಆ ಕ್ಷಣಕ್ಕೇ ಸಿಗಬೇಕು. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡು. ಚೆನ್ನಾಗಿ ಒಣಗಿದ ಕಣಿಕಿಗೆ ಈ ಭಯವಿಲ್ಲ.

ಜಾಗದ ಮಾತು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಆಗ ಆಡು ಮೇಯಿಸುವುದೆಲ್ಲ ಊರ ಗೈರಾಣದ (ಎಲ್ಲರ ದನಕರು ಮೇಯುವ ಜಾಗ) ಮೇಲೇ ನಡೆಯುತ್ತಿತ್ತು. ಅದು ತುಂಡು ತುಂಡಾಗಿ ಹೋಗುವಾಗ ನಮ್ಮ ಕಾಲದವರು ಸುಮ್ಮನೆ ನೋಡುತ್ತ ಕೂತೆವು, ಈಗ ನಿನಗೆ ಮೇವು ಬೆಳೆಯದೆ ಗತಿಯಿಲ್ಲ. ಹತ್ತು ಆಡು, ಒಂದು ಹೋತ ಇಟ್ಟುಕೋ. ದೊಡ್ಡ ಆಡಿಗೆ ದಿನಕ್ಕೆ ಮೂರು ನಾಲ್ಕು ಕೆಜಿ ಹಸಿ ಮೇವು ಬೇಕು, ಬೋರಿನ ಪಕ್ಕದ ಅರ್ಧ ಎಕರೆಗೆ ನೇಪಿಯರ್ ಹುಲ್ಲು ಹಚ್ಚು, ಬದುವಿಗೆ ಸುಬಾಬುಲ್ ಗಿಡ. ಸುಬಾಬುಲ್ ಮೇವಿನ ಮೂರರಲ್ಲಿ ಒಂದು ಪಾಲು ಮೀರಿದರೆ ಕೂದಲು ಉದುರುತ್ತದೆ. ದೊಡ್ಡಿಯಲ್ಲಿ ತಲೆಗೆ 10-12 ಚದರಡಿ ನೆರಳು, ಹೊರಗೆ ಅದರ ಎರಡರಷ್ಟು ಬಯಲು. ನಮ್ಮ ಕರಿ ಮಣ್ಣು ಮಳೆಯಲ್ಲಿ ಅಂಟಿ ಗೊರಸು ಕೊಳೆಸುತ್ತದೆ, ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು) ಹಾಕಿ ಒಂದಡಿ ಎತ್ತರಿಸು. ಉದ್ದ ಪೂರ್ವ ಪಶ್ಚಿಮಕ್ಕಿದ್ದರೆ ಬ್ಯಾಸಗಿ ಬಿಸಿಲು ಕಡಿಮೆ ನುಗ್ಗುತ್ತದೆ.

ಸಂತೆಯಿಂದ ತಂದದ್ದನ್ನು ಮೂರು ವಾರ ಬೇರೆ ಕಟ್ಟು. ಹಿರೇಬೇನೆ (ಪಿ.ಪಿ.ಆರ್. ಅನ್ನುವ ಅಂಟು ರೋಗ) ಬರುವುದೇ ಹಾಗೆ ತಂದ ಆಡಿನ ಜೊತೆ. ಅದರ ಲಸಿಕೆ ಬೇರೆ, ಒಮ್ಮೆ ಹಾಕಿದರೆ ಮೂರು ವರ್ಷ ತಡೆಯುತ್ತದೆ.

ಇಷ್ಟಾದ ಮೇಲೂ ಒಂದು ಮುಂಜಾನೆ ಒಂದು ಮರಿ ಸತ್ತಿರಬಹುದು. ಕೂಡಲೇ ಹೂಳಬೇಡ, ಮಂದಿ ಹೇಳಿದ್ದನ್ನೂ ನಂಬಬೇಡ. ಬಿಸಿಲೇರುವ ಮುಂಚೆ ಡಾಕ್ಟರರಿಂದ ಕೊಯ್ಸಿ ನೋಡಿಸು. ಕರುಳು ನಂಜಾದರೆ ಮೂತ್ರಪಿಂಡ ಬೆರಳಿಗೆ ಮೆತ್ತಗೆ ಸಿಗುತ್ತದೆ. ಮಧ್ಯಾಹ್ನವಾದರೆ ಎಲ್ಲವೂ ಹಾಗೇ ಕೊಳೆತಿರುವುದರಿಂದ ಗುರುತು ಹತ್ತುವುದಿಲ್ಲ. ಉಳಿದವಕ್ಕೆ ಅಂದೇ ಕಾಳು ನಿಲ್ಲಿಸಿ ಒಣ ಮೇವು ಹಾಕು. ಅನುಮಾನ ಉಳಿದರೆ ಬೀದರ್ ನಂದಿನಗರದ ಪಶುವೈದ್ಯಕೀಯ ವಿಶ್ವವಿದ್ಯಾಲಯವೇನು ದೂರವಿಲ್ಲ.

ಲಸಿಕೆ ತರುವಾಗ ಐಸ್ ಹಾಕಿದ ಥರ್ಮಾಸ್ ಒಯ್ಯಿ. ಇ.ಟಿ. ಬಾಟ್ಲಿ ಹೆಪ್ಪುಗಟ್ಟಿದರೆ ಕೆಟ್ಟಿತು, ಐಸಿಗೆ ತಾಗದಂತೆ ಬಟ್ಟೆ ಸುತ್ತು. ಅಕ್ಕನ ಫ್ರಿಜ್ಜಿನ ಮೇಲಿನ ಬರ್ಫದ ಖಾನೆಯಲ್ಲಂತೂ ಇಡಬೇಡ.

ನಿನ್ನ ಮಾಮಾ