ಮುಚ್ಚಿದ ಸ್ವಿಚ್‌ಗೇರ್‌ಗೂ ತಪಾಸಣೆ ಬೇಕು

ಮಾನ್ಯರೇ,

ಲೋಹದ ಪೆಟ್ಟಿಗೆಯಲ್ಲಿ ಮುಚ್ಚಿದ ಹೈವೋಲ್ಟೇಜ್ ಸ್ವಿಚ್‌ಗೇರ್ (ವಿದ್ಯುತ್ ಹರಿವನ್ನು ಆನ್-ಆಫ್ ಮಾಡುವ, ದೋಷ ಬಂದಾಗ ಕಡಿಯುವ ಉಪಕರಣ) ಬಯಲಿನ ಉಪಕರಣಕ್ಕಿಂತ ಸುರಕ್ಷಿತ, ನಿಜ. ಹಾಗಂತ ಮರೆತುಬಿಡುವುದು ಸರಿಯಲ್ಲ. ಒಳಗಿನ ಹೀಟರ್ ಕೆಟ್ಟರೆ ತೇವ ಕೂರುತ್ತದೆ. ಧೂಳು ಸೇರಿದರೆ ಇನ್ಸುಲೇಟರ್ (ವಿದ್ಯುತ್ ಹರಿಯದಂತೆ ತಡೆಯುವ ಭಾಗ) ಮೇಲೆ ಸಣ್ಣ ಡಿಸ್ಚಾರ್ಜ್, ಅಂದರೆ ಪುಟ್ಟ ವಿದ್ಯುತ್ ಸೋರಿಕೆ, ಶುರುವಾಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಒಂದು ದಿನ ಆರ್ಕ್, ಅಂದರೆ ಗಾಳಿಯಲ್ಲೇ ಹರಿಯುವ ಭಾರಿ ವಿದ್ಯುತ್ ಕಿಡಿ, ಹೊತ್ತಿದರೆ, ಬಾಗಿಲೇ ಕಿತ್ತು ಬರಬಹುದು. ಎದುರಿಗೆ ನಿಂತ ಆಪರೇಟರ್ ಗತಿ ಏನು?

ಇಂಥ ಸ್ವಿಚ್‌ಗೇರ್‌ಗಿರುವ ಅಂತಾರಾಷ್ಟ್ರೀಯ ಮಾನದಂಡ ಐಇಸಿ 62271-200ರಲ್ಲಿ ಒಳಗಿನ ಆರ್ಕ್‌ಗೆ ಪರೀಕ್ಷೆಯಿದೆ. ಆದರೆ ಆ ರಕ್ಷಣೆ ಸಿಗುವುದು ಬಾಗಿಲು ಮುಚ್ಚಿ, ಬೋಲ್ಟ್‌ಗಳನ್ನೆಲ್ಲ ಬಿಗಿದಿದ್ದರೆ ಮಾತ್ರ. ಆತುರದಲ್ಲಿ ಎರಡು ಬೋಲ್ಟ್ ಬಿಟ್ಟರೂ ಅಪಾಯ ಜಾಸ್ತಿ, ಅಲ್ವಾ?

ವಿದ್ಯುತ್ ಕಂಪನಿಗಳು ಇಂಥ ಸಣ್ಣ ಡಿಸ್ಚಾರ್ಜ್ ಪತ್ತೆಹಚ್ಚುವ ಪಾರ್ಷಿಯಲ್ ಡಿಸ್ಚಾರ್ಜ್ ಪರೀಕ್ಷೆಯನ್ನು ತಪ್ಪದೆ ಮಾಡಿಸಲಿ. ಸ್ವಿಚ್‌ಗೇರ್ ಒಳಗಿನ, ವಿದ್ಯುತ್ ಕಡಿಯುವ ಬ್ರೇಕರನ್ನು ದೂರದಿಂದಲೇ ಒಳಹೊರಗೆ ಸರಿಸುವ ಸಾಧನ ಕೊಡಿಸಲಿ. ಇದಕ್ಕೆ ಇನ್ನೊಂದು ಅವಘಡ ಆಗುವವರೆಗೆ ಕಾಯಬೇಡಿ.

– ಒಬ್ಬ ಓದುಗ