ಸದಸ್ಯರಿಗೆ ಸೂಚನೆ: ಮಳೆಗಾಲದ ನಂತರ ವಾಹನದ ಪಾಲಿಶ್

ಆತ್ಮೀಯ ಸದಸ್ಯರೇ,

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರು, ಪಾಚಿ, ತೋಟದ ಮರಗಳ ಅಂಟನ್ನು ಹೊತ್ತು ತಿರುಗಿದ ನಮ್ಮ ವಾಹನಗಳಿಗೆ ಪಾಲಿಶ್ ಮಾಡಲು ಈಗ ಸಕಾಲವಾದರೂ, ಒಣಗಿದ ಕೆಸರನ್ನು ಒಣಬಟ್ಟೆಯಿಂದ ಒರೆಸುವ ಅಭ್ಯಾಸವನ್ನು ದಯವಿಟ್ಟು ಮೊದಲು ಬಿಡಬೇಕು. ಬಿಸಿಲಿನಲ್ಲಿ ಜೇಡರಬಲೆಯಂತೆ ಕಾಣುವ ಗೀರುಗಳು ಹೆಚ್ಚಾಗಿ ಹೀಗೆ ಒರೆಸುವುದರಿಂದಲೇ ಮೂಡುತ್ತವೆ. ಧಾರಾಳವಾಗಿ ನೀರು ಹಾಯಿಸಿ, ಕಾರ್ ಶಾಂಪೂವಿನಿಂದ ಮೇಲಿನಿಂದ ಕೆಳಕ್ಕೆ ತೊಳೆದು, ಮೈಕ್ರೋಫೈಬರ್ ಬಟ್ಟೆಯಿಂದ ನೀರನ್ನು ಹೀರಿಸಿ. ಆಮೇಲೂ ಕೈಗೆ ಒರಟು ತಗಲಿದರೆ ಕ್ಲೇ ಬಾರ್ (ಅಂಟಿದ ಕೊಳೆಯನ್ನು ಎತ್ತಿ ತೆಗೆಯುವ ಜೇಡಿಮಣ್ಣಿನಂಥ ಮೆತ್ತನೆಯ ಉಂಡೆ) ಬಳಸಿ.

ಪಾಲಿಶ್ ಮತ್ತು ವ್ಯಾಕ್ಸ್ ಒಂದೇ ಎಂಬುದು ತಪ್ಪು ತಿಳಿವಳಿಕೆ. ವ್ಯಾಕ್ಸ್ ಮೇಲೆ ಕೂರುವ ರಕ್ಷಣೆ. ಪಾಲಿಶ್ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವನ್ನೇ ತುಸು ಸವೆಸಿ ಮಟ್ಟ ಮಾಡುತ್ತದೆ. ಆ ಪದರದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಮಾತ್ರವಾದ್ದರಿಂದ, ಆಯುಧಪೂಜೆಗೊಮ್ಮೆ, ಹುತ್ತರಿಗೊಮ್ಮೆ ಎಂದು ಪದೇಪದೇ ಪಾಲಿಶ್ ಮಾಡಿಸುವ ಉತ್ಸಾಹ ಬೇಡ. (ಹೊಳಪಿನ ಆಸೆ ನನಗೂ ಇದೆ.) ಮ್ಯಾಟ್ (ಹೊಳಪಿಲ್ಲದ) ಬಣ್ಣದ ವಾಹನಗಳಿಗಂತೂ ಪಾಲಿಶ್ ಮಾಡಲೇಬಾರದು.

ಬ್ರೆಜಿಲ್‌ನ ತಾಳೆಜಾತಿಯ ಮರದ ಎಲೆಯಿಂದ ದೊರೆಯುವ ಕಾರ್ನೌಬಾ ವ್ಯಾಕ್ಸ್ ಆಳವಾದ ಹೊಳಪು ಕೊಡುತ್ತದೆ, ಆದರೆ ನಮ್ಮ ಮಳೆಗೆ ಬೇಗ ತೊಳೆದುಹೋಗುತ್ತದೆ. ಹಾಗಾಗಿ ಮುಂಗಾರಿಗೆ ಮುನ್ನ ಸಿಂಥೆಟಿಕ್ ಸೀಲೆಂಟ್ (ವ್ಯಾಕ್ಸ್‌ನಂತೆಯೇ ಮೇಲೆ ಕೂರುವ ಕೃತಕ ರಕ್ಷಣಾ ಲೇಪ) ಹಚ್ಚುವುದು ಮೇಲೆಂದು ನನ್ನ ಅಭಿಪ್ರಾಯ. ಎರಡನ್ನೂ ನೆರಳಿನಲ್ಲಿ, ಬಾನೆಟ್ ತಣ್ಣಗಿರುವಾಗ, ತೆಳುವಾಗಿ ಹಚ್ಚಿರಿ. ಸಿಲ್ವರ್ ಓಕ್ ಅಡಿಯಲ್ಲಿ ನಿಲ್ಲಿಸುವವರು ಹಕ್ಕಿಯ ಹಿಕ್ಕೆಯನ್ನು ಅಂದೇ ನೀರಿನಿಂದ ನೆನೆಸಿ ತೆಗೆಯಬೇಕು, ಏಕೆಂದರೆ ಅದು ಬಣ್ಣವನ್ನು ತಿನ್ನುತ್ತದೆ.